ಏಕೋಪಾಧ್ಯಾಯ ಶಾಲೆಯಲ್ಲಿ ನಲಿಕಲಿ: ಪಿಎಚ್‌.ಡಿ. ಯೋಜನೆ ಎಲ್ಲಿಗೆ ಬಂತು

ಪ್ರಶ್ನೆ: ಬದಲಾಗಿದೆ

ಮೊದಲ ಕರಡಿನ ಶೀರ್ಷಿಕೆ ‘ಪ್ರಾಥಮಿಕ ಶಾಲೆಗಳಲ್ಲಿ ನಲಿಕಲಿಯ ಪರಿಣಾಮಕಾರಿತ್ವ: ಒಂದು ಅಧ್ಯಯನ’. ಅದನ್ನು ಕೈಬಿಡಲಾಗಿದೆ. ನಲಿಕಲಿ ಎಂದರೆ 1ರಿಂದ 3ನೇ ತರಗತಿ ಮಕ್ಕಳಿಗೆ ಒಂದೇ ಕೋಣೆಯಲ್ಲಿ ಕಾರ್ಡು, ಚಟುವಟಿಕೆಗಳ ಮೂಲಕ ಕಲಿಸುವ ವಿಧಾನ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ಇದು 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂದಿದೆ. ಹಾಗಾಗಿ ನಲಿಕಲಿ ಇಲ್ಲದ ಸರ್ಕಾರಿ ಶಾಲೆಯೊಂದನ್ನು ಪಕ್ಕಕ್ಕಿಟ್ಟು ಹೋಲಿಸೋಣ ಎಂದರೆ ಸಿಗುವುದಿಲ್ಲ. ಖಾಸಗಿ ಶಾಲೆಯ ಜೊತೆ ಹೋಲಿಸಿದರೆ ಬರುವ ವ್ಯತ್ಯಾಸ ಕಲಿಸುವ ವಿಧಾನದ್ದೋ ಫೀಸು ಕಟ್ಟಬಲ್ಲ ಮನೆಯದ್ದೋ ಬಿಡಿಸಲಾಗದು.

ಈಗಿನ ಪ್ರಶ್ನೆ ಸಣ್ಣದು: 1ರಿಂದ 5ನೇ ತರಗತಿವರೆಗೆ ಒಬ್ಬರೇ ಶಿಕ್ಷಕರಿರುವ ಶಾಲೆ, ನಲಿಕಲಿಗೇ ಒಬ್ಬರು ಸಿಗುವ ಇಬ್ಬರು ಶಿಕ್ಷಕರ ಶಾಲೆ, ಇವೆರಡರ 2 ಮತ್ತು 3ನೇ ತರಗತಿ ಮಕ್ಕಳ ಅಕ್ಷರಜ್ಞಾನ ಒಂದು ವರ್ಷದಲ್ಲಿ ಎಷ್ಟೆಷ್ಟು ಬೆಳೆಯುತ್ತದೆ? ನಲಿಕಲಿಯಲ್ಲಿ ಮಕ್ಕಳು ಕೂರುವ ಐದು ತಟ್ಟೆಗಳಲ್ಲಿ (ಗುಂಪುಗಳಲ್ಲಿ) ಶಿಕ್ಷಕರು ಪೂರ್ತಿ ಕೂರುವುದು ಒಂದರಲ್ಲಿ. 4 ಮತ್ತು 5ನೇ ತರಗತಿಯನ್ನೂ ಅವರೇ ನೋಡಬೇಕಾದಾಗ ಮೊದಲು ಸೊರಗುವುದು ಆ ತಟ್ಟೆಯೇ ಎಂಬುದು ಊಹೆ.

ಮಾದರಿ: ಲೆಕ್ಕ ಮುಗಿದಿದೆ

ಸಿನಾಪ್ಸಿಸ್‌ಗಳಲ್ಲಿ (ಸಂಶೋಧನೆಯ ರೂಪುರೇಷೆಗಳಲ್ಲಿ) ಸಾಮಾನ್ಯವಾಗಿ ‘600 ವಿದ್ಯಾರ್ಥಿಗಳು’ ಎಂದಷ್ಟೇ ಇರುತ್ತದೆ, ಯಾಕೆ 600 ಎಂದು ಇರುವುದಿಲ್ಲ. ಇಲ್ಲಿ ಎಣಿಕೆಗೆ ಬರುವುದು ಶಾಲೆಗಳು. ಒಂದೇ ಶಾಲೆಯ ಮಕ್ಕಳು ಒಬ್ಬರೇ ಶಿಕ್ಷಕರ ಕೈಯಲ್ಲಿ ಕಲಿಯುವುದರಿಂದ ಅವರ ಅಂಕಗಳೂ ಹತ್ತಿರ ಹತ್ತಿರ ಇರುತ್ತವೆ. ಲೆಕ್ಕ ಹೀಗೆ:

0.4 ಪರಿಣಾಮ ಗಾತ್ರ (ಎರಡು ಗುಂಪುಗಳ ಸರಾಸರಿಯ ಅಂತರ, ಮಾನಕ ವಿಚಲನೆಯ ಲೆಕ್ಕದಲ್ಲಿ), ಶೇ 5 ಸಾರ್ಥಕತಾ ಮಟ್ಟ (ಇಲ್ಲದ ವ್ಯತ್ಯಾಸವನ್ನು ಇದೆ ಎನ್ನುವ ಸಂಭವ), ಶೇ 80 ಪವರ್ (ಇರುವ ವ್ಯತ್ಯಾಸ ಕಣ್ಣಿಗೆ ಬೀಳುವ ಸಂಭವ) ಇಟ್ಟುಕೊಂಡರೆ ಸರಳ ಯಾದೃಚ್ಛಿಕ ಮಾದರಿಗೆ ಗುಂಪಿಗೆ ಸುಮಾರು 100 ಮಕ್ಕಳು ಸಾಕು. ಶಾಲೆಯೊಳಗಿನ ಸಹಸಂಬಂಧ 0.2, ಶಾಲೆಗೆ 8 ಮಕ್ಕಳು ಎಂದಾದರೆ ಡಿಸೈನ್ ಎಫೆಕ್ಟ್ (ಮಾದರಿಯನ್ನು ಎಷ್ಟು ಪಟ್ಟು ಹಿಗ್ಗಿಸಬೇಕು ಎಂಬುದು) 1 + 7 × 0.2 = 2.4. ಅಂದರೆ ಗುಂಪಿಗೆ 240 ಮಕ್ಕಳು, 30 ಶಾಲೆ. ಒಬ್ಬ ಸಂಶೋಧಕ 60 ಶಾಲೆ ಸುತ್ತುವುದು ಆಗದ ಮಾತು. ಬೇಸ್‌ಲೈನ್ (ವರ್ಷದ ಆರಂಭದ ಪರೀಕ್ಷೆಯ) ಅಂಕವನ್ನು ವಿಶ್ಲೇಷಣೆಗೆ ಸೇರಿಸಿ, ಕೊನೆಯ ಅಂಕದೊಂದಿಗೆ ಅದರ ಸಹಸಂಬಂಧ ಶಾಲೆ ಮತ್ತು ಮಗು ಎರಡೂ ಮಟ್ಟದಲ್ಲಿ 0.7 ಇದ್ದರೆ ಬೇಕಾದ ಸಂಖ್ಯೆ 0.51 ಪಟ್ಟಿಗೆ ಇಳಿಯುತ್ತದೆ: ಗುಂಪಿಗೆ 16 ಶಾಲೆ. ಬಿಟ್ಟುಹೋಗುವವುಗಳಿಗೆಂದು ಇನ್ನೆರಡು ಸೇರಿಸಿ 18, ಒಟ್ಟು 36. ಶಾಲೆಗೆ 16 ಮಕ್ಕಳನ್ನು ಪರೀಕ್ಷಿಸಿದರೂ ಕಡಿಮೆಯಾಗುವುದು ಗುಂಪಿಗೆ ಮೂರೇ ಶಾಲೆ. ಪ್ರತಿ ಶಾಲೆಯಲ್ಲಿ ಕೆಲಸ ಮಾತ್ರ ಇಮ್ಮಡಿ. ಅದೂ ಅಲ್ಲದೆ ಏಕೋಪಾಧ್ಯಾಯ ಶಾಲೆಗಳಲ್ಲಿ ಅಷ್ಟು ಮಕ್ಕಳು ಇರುವುದೇ ಕಡಿಮೆ.

ದೊಡ್ಡ ತಲೆನೋವು ವರ್ಗೀಕರಣ. ಯುಡೈಸ್ (ಶಾಲೆಗಳ ಸರ್ಕಾರಿ ದತ್ತಾಂಶ) ಪಟ್ಟಿಯಲ್ಲಿ 29ರಿಂದ ಶುರುವಾಗುವ 11 ಅಂಕಿಯ ಕೋಡ್ ಹಿಡಿದು ಶಾಲೆ ಹುಡುಕಬಹುದು, ಆದರೆ ಅಲ್ಲಿರುವ ಶಿಕ್ಷಕರ ಸಂಖ್ಯೆ ಹಿಂದಿನ ವರ್ಷದ್ದು. ವರ್ಗಾವಣೆ, ನಿಯೋಜನೆ, ನಡುವೆ ಬಂದು ಸೇರುವ ಅತಿಥಿ ಶಿಕ್ಷಕರು, ಇಷ್ಟರಲ್ಲಿ ‘ಒಬ್ಬರ ಶಾಲೆ’ ಆಗಸ್ಟ್ ಹೊತ್ತಿಗೆ ‘ಇಬ್ಬರ ಶಾಲೆ’ ಆಗಿರುತ್ತದೆ. ಪಟ್ಟಿಯನ್ನು ಸಿಆರ್‌ಪಿಗಳ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳ) ಹತ್ತಿರ ಕೂತು ತಾಳೆ ನೋಡಬೇಕು. ಆಮೇಲೆ ತಿಂಗಳಿಗೊಮ್ಮೆ ಫೋನ್ ಮಾಡಿ, ಆ ವಾರ ನಲಿಕಲಿ ಕೋಣೆಯಲ್ಲಿ ನಿಜವಾಗಿ ಪಾಠ ಮಾಡಿದವರು ಯಾರು ಎಂದು ಬರೆದುಕೊಳ್ಳಬೇಕು. ಈ ಕಾಲಂ ಇಲ್ಲದಿದ್ದರೆ ಉಳಿದ ದತ್ತಾಂಶವೆಲ್ಲ ಇದ್ದೂ ಪ್ರಯೋಜನವಿಲ್ಲ.

ಪರೀಕ್ಷಾ ಸಾಧನ: ಕರಡು ಸಿದ್ಧ

ಮೂಲಾಕ್ಷರ 30, ಗುಣಿತಾಕ್ಷರ 40, ಒತ್ತಕ್ಷರ 30, ಕೊನೆಗೊಂದು ಸಣ್ಣ ಗದ್ಯ. ಒಂದು ಮಗುವಿಗೆ ಸುಮಾರು 15 ನಿಮಿಷ.

ಅಕ್ಷರಗಳನ್ನು ವರ್ಣಮಾಲೆಯ ಸಾಲಿನಲ್ಲಿ ಇಡಕೂಡದು, ಮಗು ನೋಡದೆಯೂ ಬಾಯಿಪಾಠ ಒಪ್ಪಿಸುತ್ತದೆ. ನಲಿಕಲಿ ಮಕ್ಕಳು ಮೊದಲು ಕಲಿಯುವುದು ರ, ಗ, ಸ, ದ, ಅ. ಆ ಸಾಲೂ ಬೇಡ. ಮ–ಯ, ಪ–ವ, ದ–ಧ ಜೋಡಿಗಳು ಪಕ್ಕಪಕ್ಕ ಬಂದರೆ ಮಗು ಹೋಲಿಸಿ ಊಹಿಸುತ್ತದೆ, ಆದ್ದರಿಂದ ಬೇರೆ ಬೇರೆ ಸಾಲಿಗೆ ಹಾಕಲಾಗಿದೆ. ಒತ್ತಕ್ಷರದಲ್ಲಿ ಎರಡು ಬಗೆ: ಕ್ಕ, ಗ್ಗದಂತೆ ಒತ್ತಿನಲ್ಲೂ ಮೂಲದ ಆಕಾರ ಕಾಣುವಂಥವು, ತ್ತ, ಮ್ಮ, ಕ್ಯದಂತೆ ಆಕಾರವೇ ಬದಲಾಗುವಂಥವು. ಇವಕ್ಕೆ ಅಂಕಗಳೂ ಬೇರೆ ಬೇರೆ. ಅರ್ಕಾವೊತ್ತನ್ನು 3ನೇ ತರಗತಿಗೆ ಮಾತ್ರ ಇಡಲಾಗಿದೆ.

ಗದ್ಯ ಓದಿಗೆ ‘ನಿಮಿಷಕ್ಕೆ ಇಷ್ಟು ಪದ’ ಎಂಬ ಅಳತೆ ಕನ್ನಡಕ್ಕೆ ಒಗ್ಗುವುದಿಲ್ಲ. ‘ಮರ’ದಲ್ಲಿ ಎರಡು ಅಕ್ಷರ, ‘ಮನೆಯಲ್ಲಿದ್ದವರೆಲ್ಲರೂ’ ಎಂಬಲ್ಲಿ ಒಂಬತ್ತು; ಪದದ ಲೆಕ್ಕದಲ್ಲಿ ಎರಡೂ ಒಂದೇ. ನಿಮಿಷಕ್ಕೆ ಸರಿಯಾಗಿ ಓದಿದ ಅಕ್ಷರಗಳನ್ನೇ ಎಣಿಸುವುದು.

ಮಗುವಿನ ಹುಟ್ಟಿದ ದಿನಾಂಕ ಕಡ್ಡಾಯ. 2025-26ರಲ್ಲಿ 1ನೇ ತರಗತಿಗೆ 5 ವರ್ಷ 5 ತಿಂಗಳಿಗೂ ಸೇರಿಸಿಕೊಂಡದ್ದರಿಂದ ಆ ತಂಡದ ವಯಸ್ಸಿನ ಹರವು ಹೆಚ್ಚು. ಮನೆಮಾತೂ ಬೇಕು. ಹೆಗ್ಗಡದೇವನಕೋಟೆ ಕಡೆಯ ಹಾಡಿಗಳ (ಬುಡಕಟ್ಟು ವಸತಿಗಳ) ಮಕ್ಕಳ ಮನೆಮಾತು ಜೇನುಕುರುಬ ಇರಬಹುದು. ಫಾರಂನಲ್ಲಿ ‘ಮಾತೃಭಾಷೆ: ಕನ್ನಡ’ ಎಂದು ಮೊದಲೇ ಅಚ್ಚಾಗಿದ್ದರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಕ್ಯಾಲೆಂಡರ್: ಬಿಗಿ ಇದೆ

ಜೂನ್‌ನಲ್ಲಿ ಸೇತುಬಂಧ (ಹಿಂದಿನ ತರಗತಿಯ ಕಲಿಕೆಯ ಪುನರ್ಮನನ), ಹಾಜರಾತಿಯೂ ನೆಟ್ಟಗಿರುವುದಿಲ್ಲ. ಬೇಸ್‌ಲೈನ್ ಜುಲೈ–ಆಗಸ್ಟ್, ದಿನಕ್ಕೊಂದು ಶಾಲೆ, ಮಳೆ ರಜೆಗೆಂದು ಒಂದು ವಾರ ಹೆಚ್ಚುವರಿ. ಎಂಟು ಮಕ್ಕಳಿಗೆ ಎರಡು ಗಂಟೆ. ಹಾಲು ಕೊಡುವ ಹೊತ್ತು ಬಿಟ್ಟು, ಬಿಸಿಯೂಟಕ್ಕೆ ಮುಂಚೆ ಮುಗಿಯಬೇಕು. ಕೊನೆಯ ಸುತ್ತು ಫೆಬ್ರುವರಿ–ಮಾರ್ಚ್. ದಸರಾ ಆಸುಪಾಸಿನಲ್ಲಿ ಏನನ್ನೂ ಇಟ್ಟುಕೊಂಡಿಲ್ಲ: 2025ರಲ್ಲಿ ಜಾತಿ ಸಮೀಕ್ಷೆಗಾಗಿ ಆ ರಜೆ ಅಕ್ಟೋಬರ್ 18ರವರೆಗೆ ಹಿಗ್ಗಿತ್ತು.

ಯುಜಿಸಿಯ 2022ರ ನಿಯಮದಂತೆ ಪಿಎಚ್‌.ಡಿ.ಗೆ ಕನಿಷ್ಠ 3, ಗರಿಷ್ಠ 6 ವರ್ಷ, ಕೋರ್ಸ್‌ವರ್ಕ್ ಸೇರಿ. ಸಿನಾಪ್ಸಿಸ್ ಸೆಪ್ಟೆಂಬರ್‌ನಲ್ಲಿ ಪಾಸಾದರೆ ಬೇಸ್‌ಲೈನ್ ಮುಂದಿನ ಜುಲೈಗೇ ಹೋಯಿತು. ಆ ಬಿಡುವು ಪೈಲಟ್‌ಗೆ (ಪೂರ್ವ ಪ್ರಯೋಗಕ್ಕೆ).

ಅನುಮತಿ

ನೈತಿಕ ಸಮಿತಿ, ಡಿಡಿಪಿಐ (ಜಿಲ್ಲೆಯ ಶಾಲಾ ಶಿಕ್ಷಣ ಉಪನಿರ್ದೇಶಕರ) ಪತ್ರ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿಯ) ಪತ್ರ, ಇದೇ ಕ್ರಮ. ಮುಖ್ಯ ಶಿಕ್ಷಕರಿಗೆ ಬಿಇಒ ಪತ್ರದ ಪ್ರತಿಯೊಂದನ್ನು ಶಾಲೆಯಲ್ಲೇ ಬಿಟ್ಟು ಬರಬೇಕು. ಪೋಷಕರ ಒಪ್ಪಿಗೆ ಪತ್ರ ಒಂದೇ ಪುಟ, ಓದಿ ಹೇಳಿ ಸಹಿ ಅಥವಾ ಹೆಬ್ಬೆಟ್ಟು. ಮಗು ‘ಬೇಡ’ ಎಂದರೆ ಅಲ್ಲಿಗೆ ನಿಲ್ಲಿಸುವುದು.

ಮುಂದಿನ ಕೆಲಸ

ಮಾದರಿಯಲ್ಲಿಲ್ಲದ 3 ಶಾಲೆಗಳಲ್ಲಿ ಪೈಲಟ್. ಇಬ್ಬರು ವೀಕ್ಷಕರು ಒಂದೇ ಭಾಷಾ ಅವಧಿಯಲ್ಲಿ ಎರಡು ನಿಮಿಷಕ್ಕೊಮ್ಮೆ ಐದೂ ತಟ್ಟೆಗಳ ಮೇಲೆ ಕಣ್ಣಾಡಿಸಿ, ಶಿಕ್ಷಕರು ಎಲ್ಲಿದ್ದಾರೆ, ಮಕ್ಕಳು ಕಾರ್ಡಿನ ಕೆಲಸದಲ್ಲಿದ್ದಾರೋ ಸುಮ್ಮನೆ ಕೂತಿದ್ದಾರೋ ಗುರುತು ಹಾಕಬೇಕು. ಕಪ್ಪಾ (ಆಕಸ್ಮಿಕ ಹೊಂದಾಣಿಕೆ ಕಳೆದು ಇಬ್ಬರು ವೀಕ್ಷಕರ ಒಮ್ಮತವನ್ನು ಅಳೆಯುವ ಸಂಖ್ಯೆ) 0.7ಕ್ಕಿಂತ ಕೆಳಗೆ ಬಂದರೆ ಸಂಕೇತಗಳನ್ನು ಕಡಿಮೆ ಮಾಡಿ ಮತ್ತೊಮ್ಮೆ ನೋಡುವುದು. ಬರೀ ಶೇಕಡಾವಾರು ಹೊಂದಾಣಿಕೆ ಸಾಲದು: ಹೆಚ್ಚಿನ ಹೊತ್ತು ‘ಕೆಲಸದಲ್ಲಿದ್ದಾರೆ’ ಎಂದೇ ಬರುವಾಗ ಕಣ್ಣುಮುಚ್ಚಿ ಗುರುತು ಹಾಕಿದರೂ ಶೇ 80 ದಾಟೀತು.