ಮುಳುಗಿದ ಊರಿಗೆ ಹೋಗಿ ಏನು ನೋಡ್ತೀರಿ?

"ಊರು ನೀರಲ್ಲಿ ಮುಳುಗಿದೆ ಅಂತೀರಿ. ಮತ್ತೆ ಮನೆಮಂದಿಯೆಲ್ಲ ಅಲ್ಲಿಗೇ ಹೋಗ್ತೀರಿ. ಅಲ್ಲಿ ನೋಡೋಕೆ ಏನಿದೆ?"

ಈ ಪ್ರಶ್ನೆಗೆ ಮದುವೆ ಮನೆಯ ಪಂಕ್ತಿಯಲ್ಲಿ ಉತ್ತರ ಕೊಟ್ಟಿದ್ದೇನೆ, ಬಸ್ಸಿನಲ್ಲಿ ನಿಂತುಕೊಂಡು ಕೊಟ್ಟಿದ್ದೇನೆ, ಆಫೀಸಿನಲ್ಲಿ ಡಬ್ಬಿ ಬಿಚ್ಚುತ್ತಾ ಕೊಟ್ಟಿದ್ದೇನೆ. ಇನ್ನು ಬಾಯಿ ಬಿಟ್ಟು ಹೇಳುವುದಿಲ್ಲ. ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಗೊತ್ತಿಲ್ಲದವರಿಗೆ ಹಿಂದಿನದು ಸ್ವಲ್ಪ. ನಮ್ಮದು ಸಾಗರ ತಾಲ್ಲೂಕಿನ ಶರಾವತಿ ಕಣಿವೆಯ ಊರು. ಹೆಸರು ಬರೆಯುವುದಿಲ್ಲ. ಬರೆದರೆ ಮುಂದಿನ ಬೇಸಿಗೆಗೆ ಅಲ್ಲೂ ಡ್ರೋನ್ ಹಾರುತ್ತದೆ. 1948ರಲ್ಲಿ ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟು ಆದಾಗ ಅಜ್ಜನ ಕೆಳಗಿನ ಗದ್ದೆ ಹೋಯಿತು, ಮನೆ ಉಳಿಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು. ಅದರ ನೀರು ಮಡೆನೂರಿನ ಅಣೆಕಟ್ಟನ್ನೇ ಮುಳುಗಿಸಿತು. ಇನ್ನು ನಮ್ಮ ಮನೆ ಯಾವ ಲೆಕ್ಕ? ಹೆಂಚು, ಬಾಗಿಲು, ದನಕರು, ಮಕ್ಕಳು ಎಲ್ಲವನ್ನೂ ಲಾರಿಗೆ ಹೇರಿಕೊಂಡು ಅಜ್ಜ ಆಯನೂರು ಕಡೆಯ ಕಾಡಂಚಿಗೆ ಬಂದ. ಅಪ್ಪನಿಗೆ ಆಗ ಒಂಬತ್ತು ವರ್ಷ, ಅತ್ತೆಗೆ ಹದಿನಾಲ್ಕು. ನಾನು ಹುಟ್ಟಿದ್ದು ಈ ಕಾಡಂಚಿನ ಊರಲ್ಲೇ.

ಮಳೆ ತಡವಾದ ವರ್ಷ ಹಿನ್ನೀರು ತುಂಬಾ ಕೆಳಗೆ ಇಳಿಯುತ್ತದೆ. 2023ರ ಜೂನ್‌ನಲ್ಲಿ ಹಾಗೆ ಇಳಿದಿತ್ತು. ಮಡೆನೂರಿನ ಹಳೇ ಅಣೆಕಟ್ಟು ಎದ್ದು ನಿಂತಿತ್ತು. ಜನ ಕಾರು ಮಾಡಿಕೊಂಡು ಬಂದು ಅದರ ಮುಂದೆ ಫೋಟೊ ತೆಗೆಸಿಕೊಂಡರು. ನಾವು ಅಣೆಕಟ್ಟು ನೋಡಲು ಹೋದವರಲ್ಲ. ರಸ್ತೆ ಮುಗಿದಲ್ಲಿ ಇಳಿದು, ಬಿರುಕು ಬಿಟ್ಟ ಕೆಸರಿನ ಮೇಲೆ ಒಂದು ಗಂಟೆ ನಡೆದೆವು. ಸುತ್ತ ಕಪ್ಪಗಾದ ಮರದ ಬೊಡ್ಡೆಗಳು. ಅಪ್ಪ ಸುಮ್ನೆ ನಡೆಯುತ್ತಿದ್ದ. ಅತ್ತೆ ಮಾತ್ರ, ಇದು ಇಂಥವರ ಗದ್ದೆ, ಇದು ಇಂಥವರ ಕಣ ಅಂತ ಹೇಳುತ್ತಲೇ ಇದ್ದಳು.

ಬಾವಿ ಸಿಕ್ಕಿತು. ಅರ್ಧ ಹೂಳು ತುಂಬಿತ್ತು, ಕಟ್ಟೆಯ ಕಲ್ಲು ಹಾಗೇ ಇತ್ತು. ಅತ್ತೆ ಅದಕ್ಕೆ ಬೆನ್ನು ಮಾಡಿ ನಿಂತು ಎಣಿಸಲು ಶುರು ಮಾಡಿದಳು. ಬಾವಿಯಿಂದ ಹಿಂಬಾಗಿಲಿಗೆ ಇಪ್ಪತ್ತಾರು ಹೆಜ್ಜೆ ಅಂತೆ, ತುಂಬಿದ ಕೊಡ ಸೊಂಟದಲ್ಲಿಟ್ಟುಕೊಂಡರೆ. ಇಪ್ಪತ್ತಾರಕ್ಕೆ ಬರೀ ಕೆಸರು. ಅಪ್ಪ ಮುಖ ತಿರುಗಿಸಿದ. ಅವಳು ನಿಲ್ಲಲಿಲ್ಲ. ಮೂವತ್ತೆಂಟನೇ ಹೆಜ್ಜೆಗೆ ಜಂಬಿಟ್ಟಿಗೆ ಕಲ್ಲಿನ ಸಾಲು ಕಾಲಿಗೆ ತಾಗಿತು. "ಮನೆ ಎಲ್ಲೂ ಹೋಗಿಲ್ಲ ಕಣೋ, ನನ್ನ ಹೆಜ್ಜೆ ಸಣ್ಣದಾಗಿದೆ" ಅಂದಳು. ಎಲ್ಲರೂ ನಕ್ಕೆವು. ಅವಳೂ ನಕ್ಕಳು.

ಆಮೇಲೆ ಅಲ್ಲೇ ಕೂತು ಕೈಯಲ್ಲಿ ಕೆಸರು ಕೆರೆದಳು. ಬಚ್ಚಲ ಕಲ್ಲು ಕಾಣಿಸಿತು. ಒಂದು ಮೂಲೆಯಲ್ಲಿ ನೀರು ಹೋಗುವ ತೂತು, ಹೂಳು ತುಂಬಿ ಗಟ್ಟಿಯಾಗಿತ್ತು. ಅತ್ತೆ ಒಂದು ಕಡ್ಡಿ ಹುಡುಕಿ ತಂದು ಅದನ್ನು ಬಿಡಿಸತೊಡಗಿದಳು. ಹತ್ತು ನಿಮಿಷ, ಹದಿನೈದು ನಿಮಿಷ. "ಸಾಕು ಬಾ ಅಕ್ಕಾ" ಅಂದ ಅಪ್ಪ. ಅವಳಿಗೆ ಕೇಳಿಸಲೇ ಇಲ್ಲ. ಕೊನೆಗೆ ನನ್ನ ಕೈಯಿಂದ ಬಾಟಲಿ ಕಿತ್ತುಕೊಂಡು ನೀರು ಸುರಿದಳು. ನೀರು ಸ್ವಲ್ಪ ಹೊತ್ತು ನಿಂತು, ಆಮೇಲೆ ಮೆಲ್ಲಗೆ ಇಳಿಯಿತು. ಇನ್ನೊಂದು ತಿಂಗಳಿಗೆ ಆ ಜಾಗವೆಲ್ಲ ಮತ್ತೆ ನೀರಿನ ಅಡಿಗೆ ಹೋಗುತ್ತದೆ ಅಂತ ಅವಳಿಗೆ ಗೊತ್ತಿಲ್ಲವಾ? ಗೊತ್ತಿತ್ತು. ಬಚ್ಚಲು ಕಟ್ಟಿಕೊಂಡಿದ್ದರೆ ಬಿಡಿಸಬೇಕು, ಅಷ್ಟೇ.

ನೋಡೋಕೆ ಏನಿದೆ ಅಂತ ಕೇಳುವವರೇ, ತವರಿಗೆ ಹೊರಟ ಹೆಣ್ಣುಮಗಳನ್ನು ಯಾರಾದರೂ ಹಾಗೆ ಕೇಳುತ್ತಾರಾ? ಕೇಳಿದರೆ ಬೈಸಿಕೊಳ್ಳುತ್ತಾರೆ, ಅಲ್ವಾ? ನಮ್ಮನ್ನು ಮಾತ್ರ ಯಾಕೆ ಕೇಳುತ್ತೀರಿ? ನಾವು ಹೋಗುವುದು ಪ್ರವಾಸ ಅಲ್ಲ. "ಈಗ ಸಿಗಂದೂರು ಸೇತುವೆ ಆಯ್ತಲ್ಲ, ನಿಮಗೆ ಒಳ್ಳೆಯದಾಯ್ತು" ಅನ್ನುವವರೂ ಇದ್ದಾರೆ. ಹಿನ್ನೀರಿನ ಮೇಲೆ ಕಟ್ಟಿದ, ಎರಡು ಕಿಲೋಮೀಟರಿಗೂ ಜಾಸ್ತಿ ಉದ್ದದ ಆ ಸೇತುವೆ 2025ರ ಜುಲೈನಲ್ಲಿ ತೆರೆಯಿತು. ಹಿನ್ನೀರಿನ ಆಚೆ ದಡದ ತುಮರಿ ಕಡೆಯವರಿಗೆ ನಿಜಕ್ಕೂ ಒಳ್ಳೆಯದಾಯಿತು. ಎಷ್ಟೋ ವರ್ಷ ಲಾಂಚಿಗೆ ಕಾದವರು ಅವರು. ಆದರೆ ನಮ್ಮ ಊರು ಆ ಸೇತುವೆಯ ಆಚೆಯೂ ಇಲ್ಲ, ಈಚೆಯೂ ಇಲ್ಲ.

ನನ್ನನ್ನು ಕೇಳಲೇಬೇಕು ಅಂತಿದ್ದರೆ ಇದನ್ನು ಕೇಳಿ: ನಿಮ್ಮ ಈಗಿನ ಊರಿಗೆ ಕರೆಂಟ್ ಯಾವಾಗ ಬಂತು? ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವ್ಯಾಟ್. ಅದಕ್ಕೆ ನೀರು ಕೂಡಿಡಲು ಮನೆ ಬಿಟ್ಟವರು ನಾವು. ನಮ್ಮ ಕೇರಿಗೆ ಕಂಬ ಬಂದದ್ದು ನಾನು ಏಳನೇ ಕ್ಲಾಸಿನಲ್ಲಿದ್ದಾಗ. ಅಲ್ಲಿಯವರೆಗೆ ಚಿಮಣಿ ದೀಪದಲ್ಲೇ ಓದಿದೆ.

ಇನ್ನೂ ಒಂದು ಕೇಳಿ. ನೀವು ಉಳುವ ಜಮೀನು ನಿಮ್ಮ ಹೆಸರಿನಲ್ಲಿದೆಯಾ? ಮುಳುಗಡೆಯವರಿಗೆ ಕೊಟ್ಟ ಜಾಗದಲ್ಲಿ ಎಷ್ಟೋ ಪಾಲು ಕಾಗದದ ಮೇಲೆ ಕಾಡಾಗಿಯೇ ಉಳಿಯಿತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದನ್ನು ಬಿಡಿಸಲು ಕೇಂದ್ರದ ಒಪ್ಪಿಗೆಯೂ ಬೇಕಾಯಿತು. ಅರವತ್ತು ವರ್ಷ ಕಳೆದರೂ ಹಕ್ಕುಪತ್ರಕ್ಕಾಗಿ ಓಡಾಡುವ ಮನೆಗಳು ಬೇಕಾದಷ್ಟಿವೆ. ನಮ್ಮದೂ ಒಂದು. ಅಜ್ಜ ಕೊಟ್ಟ ಅರ್ಜಿಯ ಹಿಂದೆ ಅಪ್ಪ ಓಡಾಡಿದ, ಈಗ ಫೈಲು ನನ್ನ ಕೈಗೆ ಬಂದಿದೆ. ಉತ್ತು ಬಿತ್ತುವ ಜಾಗ ನಮ್ಮದು ಅಂತ ತೋರಿಸಲು ಒಂದು ಕಾಗದ ಇಲ್ಲ. ಆ ನೀರಿನ ಅಡಿಯ ಮನೆ ನಮ್ಮದು ಅನ್ನಲು ಅತ್ತೆಗೆ ಯಾವ ಕಾಗದವೂ ಬೇಕಾಗಲಿಲ್ಲ.

ಅವತ್ತು ವಾಪಸ್ ಬರುವಾಗ ಅವಳು ಆ ಕಡ್ಡಿಯನ್ನು ಎಸೆಯಲಿಲ್ಲ. ಬಚ್ಚಲ ಕಲ್ಲಿನ ಪಕ್ಕ ಗೋಡೆಯ ಸಾಲಿಗೆ ಒರಗಿಸಿ ಇಟ್ಟು, ಕೈ ತೊಳೆದುಕೊಳ್ಳಲು ನೀರು ಕೇಳಿದಳು. ಬಾಟಲಿ ಖಾಲಿಯಾಗಿತ್ತು.