ಚಾವಣಿ ಕಳೆದುಕೊಂಡಿದ್ದ ಡಾರ್ಟಿಂಗ್ಟನ್ ಹಾಲ್

ಲಂಡನ್ನಿನ ಪ್ಯಾಡಿಂಗ್ಟನ್‌ನಿಂದ ನೈಋತ್ಯ ಇಂಗ್ಲೆಂಡಿನ ಟಾಟ್ನೆಸ್ ಊರಿಗೆ ರೈಲಿನಲ್ಲಿ ಸುಮಾರು ಮೂರು ತಾಸು. ಅಲ್ಲಿಂದ ಡಾರ್ಟ್ ನದಿಯ ದಂಡೆ ಹಿಡಿದು ನಡೆದರೆ ಮುಕ್ಕಾಲು ಗಂಟೆಯೊಳಗೆ ಡಾರ್ಟಿಂಗ್ಟನ್ ಹಾಲ್ ತಲುಪಬಹುದು. ಕೊನೆಯಲ್ಲಿ ಏರು ಇದೆ. ಮಳೆ ಬಿದ್ದರೆ ದಾರಿ ಕೆಸರಾಗುತ್ತದೆ, ಹಿಡಿತವಿರುವ ಶೂ ಬೇಕೇ ಬೇಕು.

ಇಂಗ್ಲೆಂಡಿನ ರಾಜ ಎರಡನೇ ರಿಚರ್ಡ್‌ನ ಮಲಸಹೋದರ ಜಾನ್ ಹಾಲೆಂಡ್ 14ನೇ ಶತಮಾನದ ಕೊನೆಯಲ್ಲಿ ಕಟ್ಟಿಸಿದ ಮನೆ ಇದು. ಮಹಾಸಭಾಂಗಣಕ್ಕೆ ನುಗ್ಗುವ ಮೊದಲು ಮುಖಮಂಟಪದಲ್ಲಿ ನಿಂತು ತಲೆಯೆತ್ತಿ ನೋಡಿ. ಕಲ್ಲಿನ ಕಮಾನುಗಳು ಕೂಡುವಲ್ಲಿ ರಿಚರ್ಡ್‌ನ ಲಾಂಛನವಾದ ಬಿಳಿ ಜಿಂಕೆ ಕೆತ್ತಿದ್ದಾರೆ. ಬಹಳ ಮಂದಿ ಇದನ್ನು ನೋಡದೆ ಒಳಗೆ ಹೋಗಿಬಿಡುತ್ತಾರೆ.

ಸಭಾಂಗಣದ ಚಾವಣಿಯನ್ನು 1813ರಲ್ಲಿ ಕಳಚಿದರು. ಮುಂದೆ ನೂರು ವರ್ಷಕ್ಕೂ ಮೀರಿ ಬರೀ ಗೋಡೆಗಳು ಮಳೆಗಾಳಿಗೆ ಮೈಯೊಡ್ಡಿ ನಿಂತಿದ್ದವು. ಹೆಂಗಸೊಬ್ಬಳ ದೆವ್ವ ಇಲ್ಲಿ ಓಡಾಡುತ್ತದೆಂಬ ಮಾತು ಊರಲ್ಲಿ ಬೇರೂರಲು ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಹಿಂಬದಿಯಲ್ಲಿ ಹಳೇ ಚರ್ಚಿನ ಗೋಪುರ ಮಾತ್ರ ಉಳಿದಿದೆ. ಪಕ್ಕದ ಪುರಾತನ ಯೂ ಮರದ ಬುಡದಲ್ಲಿ ಮಧ್ಯಯುಗದ ಧರ್ಮಯುದ್ಧಗಳಲ್ಲಿ ಕಾದಿದ ಕ್ರೈಸ್ತ ಪಂಥದ ಟೆಂಪ್ಲರ್ ಯೋಧರನ್ನು ಹೂತಿದ್ದಾರೆಂಬ ಐತಿಹ್ಯವೂ ಇದೆ. ಚಳಿಗಾಲದ ಸಂಜೆ ಬೆಳಕಿನಲ್ಲಿ ಆ ಮರದಡಿ ಕತ್ತಲು ಎಲ್ಲಕ್ಕಿಂತ ಮೊದಲು ಇಳಿಯುತ್ತದೆ.

1925ರಲ್ಲಿ ಲೆನಾರ್ಡ್ ಮತ್ತು ಡೊರೊತಿ ಎಲ್ಮ್‌ಹರ್ಸ್ಟ್ ದಂಪತಿ ಈ ಎಸ್ಟೇಟ್ ಕೊಂಡರು. ಲೆನಾರ್ಡ್ ಅದಕ್ಕೂ ಮೊದಲು ರವೀಂದ್ರನಾಥ ಟ್ಯಾಗೋರರ ಶ್ರೀನಿಕೇತನದಲ್ಲಿ ಗ್ರಾಮ ಪುನರ್ನಿರ್ಮಾಣದ ಕೆಲಸ ನಡೆಸಿದ್ದವರು. ಹಾಗಾಗಿ ನಮ್ಮವರಿಗೆ ಇದು ಪರಸ್ಥಳ ಅನ್ನಿಸುವುದಿಲ್ಲ. ವಾಸ್ತುಶಿಲ್ಪಿ ವಿಲಿಯಂ ವಿಯರ್ ಗೋಡೆಯ ಮೇಲೆ ಉಳಿದಿದ್ದ ಹಳೇ ಚಾವಣಿಯ ಗುರುತು ಹಿಡಿದೇ ಹೊಸ ಓಕ್ ತೊಲೆಗಳನ್ನು ಏರಿಸಿದರು. ಊಹೆಯಿಂದ ಕಟ್ಟದೆ, ಕಲ್ಲು ಹೇಳಿದ್ದನ್ನು ಕೇಳಿ ಕಟ್ಟಿದ ಕೆಲಸ ಅದು. ದೆವ್ವದ ಕಥೆಗಿಂತ ಇದೇ ಮೈನವಿರೇಳಿಸುತ್ತದೆ. ಅಂಗಳದ ಹಳೆಯ ಕಣಜವನ್ನು ರಂಗಮಂದಿರವಾಗಿಸುವ ವಿನ್ಯಾಸದಲ್ಲಿ ಜರ್ಮನಿಯ ಹೆಸರಾಂತ ವಿನ್ಯಾಸ ಶಾಲೆ ಬೌಹೌಸ್‌ನ ವಾಲ್ಟರ್ ಗ್ರೋಪಿಯಸ್ ಕೈಯಿದೆ. ಈಗ ಅದು ಸಿನಿಮಾ ಮಂದಿರ.

ತೋಟದಲ್ಲಿ ಹುಲ್ಲಿನ ಮೆಟ್ಟಿಲುಗಳ ಅಂಗಳ, ಮೇಲ್ಗಡೆ ಶಿಲ್ಪಿ ಹೆನ್ರಿ ಮೂರ್ ಕಡೆದ ಒರಗಿ ಮಲಗಿದ ಹೆಣ್ಣಿನ ಶಿಲ್ಪ. ಒದ್ದೆ ಹುಲ್ಲಿನ ಇಳಿಜಾರು ಜಾರುತ್ತದೆ, ಬಳಸಿ ಬರುವ ಹಾದಿಯೇ ವಾಸಿ.

ಮದುವೆ, ಸಂಗೀತ ಕಛೇರಿಗಳಿದ್ದ ದಿನ ಸಭಾಂಗಣದೊಳಗೆ ಬಿಡುವುದಿಲ್ಲ. ಹೊರಡುವ ಮುನ್ನ ಫೋನ್ ಮಾಡಿ ಕೇಳಿ. ಸಂಜೆಯ ಸಿನಿಮಾ ನೋಡುವುದಾದರೆ ಟ್ಯಾಕ್ಸಿ ಮೊದಲೇ ಗೊತ್ತು ಮಾಡಿಕೊಳ್ಳಿ, ಕತ್ತಲಲ್ಲಿ ನದಿ ದಾರಿ ಬೇಡ.