ಬಿಳಿ ಚುಕ್ಕೆ ಎಣಿಸಿದರೆ ಸಾಲದು: ಎಂಎಸ್ ಮತ್ತು ಮೆದುಳಿನ ಎಂಆರ್‌ಐ

ಪಾವಗಡ, ಶಿರಾ, ಮಧುಗಿರಿ ಕಡೆಯಿಂದ ತುಮಕೂರಿಗೆ ಬಂದು ಮೆದುಳಿನ ಎಂಆರ್‌ಐ ಮಾಡಿಸಿಕೊಂಡವರ ಮನೆಯವರು ಫಿಲ್ಮನ್ನು ಕಿಟಕಿ ಬೆಳಕಿಗೆ ಹಿಡಿದು ಮೊದಲು ಕೇಳುವುದು, ‘ಎಷ್ಟು ಬಿಳಿ ಚುಕ್ಕೆ ಇದೆ ಡಾಕ್ಟ್ರೇ?’ ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂಎಸ್, ದೇಹದ ರೋಗನಿರೋಧಕ ಶಕ್ತಿಯೇ ಮೆದುಳು, ಬೆನ್ನುಹುರಿಯ ನರಗಳ ಹೊದಿಕೆಯನ್ನು ಹಾಳುಮಾಡುವ ಕಾಯಿಲೆ. ಅದು ಇರುವವರಿಗೆ ಆ ಎಣಿಕೆ ಬೇಕೇ ಬೇಕು. ಆದರೆ ನರಗಳು ಎಷ್ಟು ಹಾಳಾಗಿವೆ ಅನ್ನುವುದು ಅದೊಂದರಿಂದಲೇ ತಿಳಿಯುವುದಿಲ್ಲ. ಮೆದುಳಿನಲ್ಲಿ ಹದಿನೈದು ಚುಕ್ಕೆ ಇದ್ದೂ ಆರಾಮಾಗಿ ಓಡಾಡುವವರಿದ್ದಾರೆ. ಬೆನ್ನುಹುರಿಯಲ್ಲಿ ಒಂದೇ ಒಂದು ಇದ್ದು ಕಾಲು ಎಳೆಯುವವರೂ ಇದ್ದಾರೆ.

ಎಂಆರ್‌ಐನಲ್ಲಿ ಒಂದೇ ಜಾಗವನ್ನು ಟಿ1, ಟಿ2, ಫ್ಲೇರ್ ಎಂದು ಬೇರೆ ಬೇರೆ ವಿಧಾನದಲ್ಲಿ ತೆಗೆಯುತ್ತಾರೆ. ಟಿ2 ಮತ್ತು ಫ್ಲೇರ್ ಚಿತ್ರಗಳಲ್ಲಿ ನೀರಿನಂಶ ಹೆಚ್ಚಾದ ಅಂಗಾಂಶ ಬೆಳ್ಳಗೆ ಕಾಣುತ್ತದೆ. ನರತಂತುವಿನ ಮೇಲಿನ ಮೈಲಿನ್ ಹೊದಿಕೆ ಕಿತ್ತುಹೋಗಿದ್ದರೂ ಬಿಳಿ, ಬರೀ ಊತವಿದ್ದರೂ ಬಿಳಿ, ತಂತುವೇ ಸತ್ತಿದ್ದರೂ ಬಿಳಿ, ಎಂದೋ ಆರಿದ ಗಾಯದ ಕಲೆಯೂ ಬಿಳಿ. ಇಲ್ಲಿ ಏನೋ ಆಗಿದೆ ಅನ್ನುವಷ್ಟೇ ಆ ಚಿತ್ರದ ಮಾತು.

ಎಣಿಕೆಗಿಂತ ಜಾಗ ಹೆಚ್ಚು ಹೇಳುತ್ತದೆ. ವೆಂಟ್ರಿಕಲ್‌ಗಳ (ಮೆದುಳೊಳಗಿನ ದ್ರವ ತುಂಬಿದ ಕುಳಿಗಳ) ಅಂಚು, ಮೆದುಳಿನ ಹೊರಪದರ ಮತ್ತು ಅದಕ್ಕೆ ತಾಗಿದ ಜಾಗ, ಮೆದುಳುಕಾಂಡ ಮತ್ತು ಕಿರುಮೆದುಳು, ಬೆನ್ನುಹುರಿ: ಎಂಎಸ್ ಗುರುತಿಸಲು ಬಳಸುವ 2017ರ ಮೆಕ್‌ಡೊನಾಲ್ಡ್ ಮಾನದಂಡ ಈ ನಾಲ್ಕರಲ್ಲಿ ಕನಿಷ್ಠ ಎರಡು ಕಡೆ ಮಚ್ಚೆ ಇದೆಯೇ ಎಂದು ನೋಡುತ್ತದೆ. 2024ರ ಪರಿಷ್ಕರಣೆಯಲ್ಲಿ ಕಣ್ಣಿನ ನರ ಐದನೆಯದಾಗಿ ಸೇರಿತು. ತಲೆಯನ್ನು ಪಕ್ಕದಿಂದ ಸೀಳಿದಂತೆ ತೋರಿಸುವ ಫ್ಲೇರ್ ಚಿತ್ರದಲ್ಲಿ ಮೆದುಳಿನ ಎರಡು ಅರ್ಧಗಳನ್ನು ಜೋಡಿಸುವ ಕಾರ್ಪಸ್ ಕ್ಯಾಲೋಸಮ್‌ನ ಮೇಲೆ ಬೆರಳು ನಿಲ್ಲಿಸಿದ ಹಾಗೆ ಉದ್ದುದ್ದ ಮಚ್ಚೆಗಳು ಎದ್ದಿರುತ್ತವೆ. ಇವೇ ಡಾಸನ್ ಬೆರಳುಗಳು. ಸಣ್ಣ ಅಭಿಧಮನಿಗಳ ಗುಂಟ ಉರಿಯೂತ ಹಬ್ಬುವುದರಿಂದ ಈ ಆಕಾರ. ಬಿಪಿ ಅಥವಾ ಮೈಗ್ರೇನ್‌ನವರ ಚುಕ್ಕೆಗಳು ಸಾಮಾನ್ಯವಾಗಿ ಹೀಗೆ ಸಾಲುಗಟ್ಟದೆ ಅಲ್ಲಲ್ಲಿ ಚೆದುರಿರುತ್ತವೆ.

ನಮ್ಮ ಕಡೆ ಇನ್ನೊಂದು ವಿಷಯ ಮರೆಯಬಾರದು. ಪಾವಗಡ, ಬಾಗೇಪಲ್ಲಿ ಕಡೆಯ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅದನ್ನು ವರ್ಷಗಟ್ಟಲೆ ಕುಡಿದವರಲ್ಲಿ ಬೆನ್ನೆಲುಬಿನ ಮೂಳೆ, ಲಿಗಮೆಂಟ್ ದಪ್ಪವಾಗಿ ಬೆನ್ನುಹುರಿಯನ್ನು ಒತ್ತಬಹುದು. ಕಾಲು ಬಿಗಿಯುವುದು, ನಡಿಗೆ ತಪ್ಪುವುದು ಎಂಎಸ್‌ನಲ್ಲಿ ಆಗುವ ಹಾಗೆಯೇ ಆಗುತ್ತದೆ. ಬಿ12 ಕೊರತೆಯೂ ಹೀಗೆ ಕಾಡುತ್ತದೆ. ಆದ್ದರಿಂದ ಮೊದಲ ಸಲವೇ ಮೆದುಳಿನ ಜೊತೆ ಬೆನ್ನುಹುರಿಯನ್ನೂ ಸ್ಕ್ಯಾನ್ ಮಾಡಿಸಬೇಕು. ಅಲ್ಲಿ ಮೂರು ಕಶೇರುಗಳಷ್ಟು ಅಥವಾ ಅದಕ್ಕಿಂತ ಉದ್ದದ ಮಚ್ಚೆ ಕಂಡರೆ ಅಕ್ವಾಪೊರಿನ್-4 ಆಂಟಿಬಾಡಿಯ ರಕ್ತಪರೀಕ್ಷೆ ಆಗಲೇಬೇಕು. ಅದು ಪಾಸಿಟಿವ್ ಬಂದರೆ ಕಾಯಿಲೆಯೇ ಬೇರೆ, ಹೆಸರು ನ್ಯೂರೋಮೈಲೈಟಿಸ್ ಆಪ್ಟಿಕಾ. ಎಂಎಸ್‌ನ ಕೆಲವು ಔಷಧಿ ಅದನ್ನು ಕೆರಳಿಸುತ್ತದೆ.

ಈಗ ಹಾನಿಯ ಮಾತು. ಇದಕ್ಕೆ ಟಿ1 ಚಿತ್ರ ಬೇಕು. ಫ್ಲೇರ್‌ನಲ್ಲಿ ಬೆಳ್ಳಗಿರುವ ಅದೇ ಜಾಗ ಟಿ1ರಲ್ಲಿ ಸುತ್ತಲಿನಷ್ಟೇ ಬೂದು ಬಣ್ಣದಲ್ಲಿದ್ದರೆ ಅಂಗಾಂಶ ಬಹುಪಾಲು ಉಳಿದಿದೆ. ಕಪ್ಪು ಗುಳಿಯಂತೆ ಕಂಡರೆ ಎರಡು ಸಾಧ್ಯತೆ. ಹೊಸ ಗಾಯವಾದರೆ ಊತದಿಂದಲೂ ಕಪ್ಪಾಗುತ್ತದೆ, ತಿಂಗಳುಗಳಲ್ಲಿ ಅದು ಮಾಯವಾಗಬಹುದು. ಆರು ತಿಂಗಳು ಕಳೆದರೂ ಅಲ್ಲೇ ಕಪ್ಪಾಗಿ ಉಳಿದಿದ್ದರೆ ಅಲ್ಲಿ ನರತಂತುಗಳೇ ನಾಶವಾಗಿವೆ. ಒಂದೇ ಸ್ಕ್ಯಾನ್ ನೋಡಿ ಇದು ಶಾಶ್ವತ ಎಂದು ಮನೆಯವರನ್ನು ಹೆದರಿಸುವುದು ಹಾಗಾಗಿ ತಪ್ಪು.

ಚಿತ್ರದಲ್ಲಿ ಹೊಳಪು ತರಿಸುವ ಗ್ಯಾಡೋಲಿನಿಯಂ ಇಂಜೆಕ್ಷನ್ ಹೇಳುವುದು ಬೇರೆ ಸಂಗತಿ: ಉರಿಯೂತ ಈಗ ನಡೆಯುತ್ತಿದೆಯೇ ಎಂದು. ಹೊಸ ಮಚ್ಚೆ ಹೆಚ್ಚಾಗಿ 2ರಿಂದ 6 ವಾರ ಮಾತ್ರ ಹೊಳೆಯುತ್ತದೆ. ಪ್ರಮಾಣ ಕೆಜಿಗೆ 0.1 ಮಿಲಿಮೋಲ್, ಮಿಲಿಗೆ 0.5 ಮಿಲಿಮೋಲ್ ಇರುವ ಔಷಧಿಯಾದರೆ 60 ಕೆಜಿಯವರಿಗೆ 12 ಮಿಲಿ. ಕೊಟ್ಟ ತಕ್ಷಣ ಟಿ1 ತೆಗೆದರೆ ಹೊಳಪು ಕಾಣದೇ ಹೋಗಬಹುದು. ಕನಿಷ್ಠ 5 ನಿಮಿಷ, ಆದಷ್ಟೂ 10 ನಿಮಿಷ ಬಿಡಬೇಕು. ಸರತಿ ಉದ್ದವಿದ್ದಾಗ ಮೊದಲು ಕತ್ತರಿ ಬೀಳುವುದು ಇದಕ್ಕೇ. ಕಾಯುವ ಹೊತ್ತಿನಲ್ಲಿ ಟಿ2 ತೆಗೆದುಕೊಂಡರೆ ಸಮಯವೂ ಹಾಳಾಗದು. ಸ್ಟೀರಾಯ್ಡ್ ಶುರುವಾಗಿದ್ದರೆ ಹೊಳಪು ತಗ್ಗುತ್ತದೆ, ಅದನ್ನು ಚೀಟಿಯಲ್ಲಿ ಬರೆದಿರಬೇಕು. ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮೊದಲೇ ನೋಡಿರಬೇಕು. ಗರ್ಭಿಣಿಯರಿಗೆ ಈ ಇಂಜೆಕ್ಷನ್ ಸಾಮಾನ್ಯವಾಗಿ ಕೊಡುವುದಿಲ್ಲ.

ಮೆದುಳು ಕುಗ್ಗುವುದನ್ನು ಅಳೆಯುವುದು ಎಲ್ಲಕ್ಕಿಂತ ಕಷ್ಟ. ವರ್ಷಕ್ಕೆ ಶೇ 0.4ಕ್ಕಿಂತ ಹೆಚ್ಚು ಕುಗ್ಗಿದರೆ ಅದು ಸಹಜವಲ್ಲ ಎಂದು ಲೆಕ್ಕ ಹಾಕುತ್ತಾರೆ. 1200 ಮಿಲಿ ಮೆದುಳಿನಲ್ಲಿ ಅದು ಸುಮಾರು 5 ಮಿಲಿ, ಒಂದು ಟೀ ಚಮಚ. ಕಣ್ಣಳತೆಗೆ ಸಿಗುವುದಲ್ಲ, ಸಾಫ್ಟ್‌ವೇರ್ ಬೇಕು. ಬೇಸಿಗೆಯಲ್ಲಿ ನೀರು ಕುಡಿಯದೆ ಮೂರು ಗಂಟೆ ಬಸ್ಸಿನಲ್ಲಿ ಬಂದವರ ಮೆದುಳೂ ತುಸು ಕುಗ್ಗಿದಂತೆ ಅಳತೆಯಲ್ಲಿ ಕಾಣಬಹುದು. ಮತ್ತಿನ ಔಷಧಿ ಕೊಡದ ಎಂಆರ್‌ಐಗೆ ಉಪವಾಸ ಸಾಮಾನ್ಯವಾಗಿ ಬೇಕಿಲ್ಲ. ನೀರು ಕುಡಿದೇ ಬನ್ನಿ. ಔಷಧಿ ಶುರುವಾದ ಮೊದಲ ತಿಂಗಳುಗಳಲ್ಲಿ ಉರಿಯೂತ ಇಳಿದು ಗಾತ್ರ ತಗ್ಗುತ್ತದೆ, ಅದು ಹಾನಿಯಲ್ಲ. ಅದಕ್ಕೇ ಔಷಧಿ ಶುರುವಾಗಿ 3ರಿಂದ 6 ತಿಂಗಳಿಗೆ ಒಂದು ಸ್ಕ್ಯಾನ್ ತೆಗೆಸಿ, ಮುಂದಿನದನ್ನೆಲ್ಲ ಅದಕ್ಕೆ ಹೋಲಿಸುವುದು ಒಳ್ಳೆಯದು.

ಹೋಲಿಕೆಯೇ ಇಲ್ಲಿ ಜೀವಾಳ, ಎಡವಟ್ಟಾಗುವುದೂ ಅಲ್ಲೇ. ಸಾಮಾನ್ಯ ತಲೆನೋವಿಗೆ ತೆಗೆಯುವ ಹಾಗೆ 5 ಮಿಮೀ ದಪ್ಪದ ಹೋಳು, ನಡುವೆ ಸ್ವಲ್ಪ ತೆರಪು ಬಿಟ್ಟು ತೆಗೆದರೆ 3 ಮಿಮೀ ಮಚ್ಚೆ ಮಸುಕಾಗಿ ಕಣ್ಣು ತಪ್ಪಬಹುದು. ಮುಂದಿನ ವರ್ಷ ತಲೆ ಒಂದಿಷ್ಟು ವಾಲಿದಾಗ ಅದೇ ಹಳೇ ಮಚ್ಚೆ ‘ಹೊಸದು’ ಎಂದು ವರದಿಯಾಗಿ, ಔಷಧಿ ಬದಲಾಗುವವರೆಗೂ ಹೋಗಬಹುದು. 3ಡಿ ಫ್ಲೇರ್ 1 ಮಿಮೀಗೆ ಸಿಕ್ಕರೆ ಉತ್ತಮ. ಇಲ್ಲದಿದ್ದರೆ ತೆರಪಿಲ್ಲದೆ 3 ಮಿಮೀ. ಯಂತ್ರದ ಆಯಸ್ಕಾಂತದ ಶಕ್ತಿ 3 ಟೆಸ್ಲಾ ಇದ್ದರೆ ಒಳ್ಳೆಯದೇ, 1.5 ಟೆಸ್ಲಾ ಆದರೂ ನಡೆಯುತ್ತದೆ. ಪ್ರತಿವರ್ಷ ಅದೇ ಯಂತ್ರ, ಅದೇ ವಿಧಾನ ಇರುವುದು ಯಂತ್ರದ ಶಕ್ತಿಗಿಂತ ಮುಖ್ಯ. ಈ ವರ್ಷ ತುಮಕೂರು, ಮುಂದಿನ ವರ್ಷ ಬೆಂಗಳೂರು ಎಂದು ಬದಲಾಯಿಸದಿರಿ. ಬದಲಾಯಿಸಲೇಬೇಕಾದರೆ ಹಳೆಯ ಸಿಡಿ ಜೊತೆಗಿರಲಿ.

ಒಳಗೆ ಹೋಗುವ ಮುನ್ನ ಮೂಗುಬೊಟ್ಟು, ಕಾಲುಂಗುರ, ತಾಳಿ ಸರಕ್ಕೆ ಸಿಕ್ಕಿಸಿದ ಪಿನ್ನು ಎಲ್ಲ ತೆಗೆಯಬೇಕು. ಪಿನ್ನನ್ನು ಆಯಸ್ಕಾಂತ ಸೆಳೆದುಕೊಳ್ಳುತ್ತದೆ. ಮೂಗುಬೊಟ್ಟಿನ ತಿರುಪು ಸಣ್ಣದೇ ಇರಬಹುದು, ಆದರೆ ಲೋಹದ ನೆರಳು ಕಣ್ಣಿನ ನರದವರೆಗೂ ಚಿತ್ರವನ್ನು ತಿರುಚಬಹುದು. ಬರುವಾಗ ಫಿಲ್ಮ್ ಒಂದನ್ನೇ ತರಬೇಡಿ. ಅದರಲ್ಲಿರುವುದು ಆರಿಸಿದ ಕೆಲವು ಚಿತ್ರ, ಬಿಸಿಲಲ್ಲಿಟ್ಟರೆ ಕಪ್ಪಾಗುವುದೂ ಉಂಟು. ಎಲ್ಲ ಚಿತ್ರಗಳೂ ಮೂಲ ರೂಪದಲ್ಲಿರುವ ಡೈಕಾಮ್ ಸಿಡಿ ಕೇಳಿ ಪಡೆಯಿರಿ, ಮನೆಗೆ ಬಂದ ದಿನವೇ ಪೆನ್‌ಡ್ರೈವ್‌ಗೆ ಒಂದು ಪ್ರತಿ ಹಾಕಿ, ಮೇಲೆ ತಾರೀಖು ಬರೆದಿಡಿ.